ಅಳಿಯಂದಿರ ಎರಡು ಬಿಂದು

ಶಿಕಾರಿಪುರ
24-11-1958

ಚಿರಂಜೀವಿ ಸೌಭಾಗ್ಯವತಿ ಜಗದಾಂಬಳಿಗೆ ನಿನ್ನ ತಂದೆ ಗುರುಮಲ್ಲಪ್ಪ ಮಾಡುವ ಆಶೀರ್ವಾದಗಳು.

ದೀಪಾವಳಿ ಮುಗಿಸಿಕೊಂಡು ನೀವಿಬ್ಬರೂ ಸೊರಬಕ್ಕೆ ಹೋದ ಮೇಲೆ ನಿನ್ನಿಂದ ಎರಡು ಕಾಗದ ಬಂದವು, ನನ್ನಿಂದ ಒಂದೂ ಹೋಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆಂದು ಶಾಲೆಯ ಗೋಡೆಗೆಲ್ಲ ಭೂಪಟ ಬರೆಯುವ ಕೆಲಸವನ್ನು ಡ್ರಾಯಿಂಗ್ ಮೇಷ್ಟರೆಂದು ನನ್ನ ತಲೆಗೇ ಕಟ್ಟಿದ್ದರು ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಆ ಕೆಲಸ ಮುಗಿದು ವಾರವಾಯಿತು. ನಿನ್ನ ಎರಡನೆಯ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ನಿನ್ನ ತಾಯಿಯಂತೂ ಬೆಳಗಾದರೆ, "ಮಗಳಿಗೆ ಕಾಗದ ಹಾಕಿದ್ರೇನ್ರಿ" ಎಂದು ಕೇಳಿ ಕೇಳಿ ಕಿವಿ ತೂತು ಮಾಡಿದ್ದಾಳೆ. ಅದಕ್ಕೇ ಸಿಟ್ಟಿನ ಸಮೇತ ಬರೆಯುತ್ತಿದ್ದೇನೆ.

ನಿನ್ನ ತಾಯಿ ಕ್ಷೇಮ. ಎಮ್ಮೆ ಈದಿದೆ, ಹೆಣ್ಣು ಕರು. ಗಿಣ್ಣು ಕಾಸಿದ ದಿನ ನಿನ್ನ ತಾಯಿ ನಿನ್ನ ಹೆಸರು ಹೇಳಿ ಕಣ್ಣು ಒರೆಸಿಕೊಂಡಳು, ಆಮೇಲೆ ನಿನ್ನ ಪಾಲನ್ನೂ ನನಗೇ ಬಡಿಸಿದಳು. ಪಕ್ಕದ ಮನೆಯ ಲೋಕಮ್ಮನೂ ಕ್ಷೇಮ. ಅವಳ ಕ್ಷೇಮದ ಬಗ್ಗೆ ಮಾತ್ರ ನನಗೆ ಸ್ವಲ್ಪ ತಕರಾರಿದೆ.

ಹಬ್ಬದ ಮಾರನೆಯ ದಿನ ಅಳಿಯಂದಿರು ನಮ್ಮ ಜಗುಲಿಯಲ್ಲಿ ಕೂತು ಅವಳ ಮನೆಯ ಮಣೆಯನ್ನು ಕಾಗದದ ಮೇಲೆ ಬರೆದುಕೊಟ್ಟರಲ್ಲ, ಅದನ್ನು ಅವಳು ಅಂಟು ಹಚ್ಚಿ ಬಾಗಿಲಿಗೆ ಮೆತ್ತಿದ್ದಾಳೆ. ಹಾಲು ಕೊಳ್ಳಲು ಬಂದವರಿಗೆಲ್ಲ ತೋರಿಸುತ್ತಾಳೆ. ನನ್ನನ್ನೂ ನಿಲ್ಲಿಸಿ, "ನೋಡ್ರಿ ಮೇಷ್ಟ್ರೇ, ಕೈ ಹಾಕಿ ಎತ್ಕೊಂಡು ಕೂರಂಗೈತೆ. ಎಂಥಾ ಅಳಿಯನ್ನ ಹುಡುಕೀರಿ" ಎಂದಳು. ನಾನು ಈ ಊರಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿ ತಲೆಗೂದಲು ಬೆಳ್ಳಗಾಯಿತು. ಅವಳ ಮನೆಯ ಮದುವೆಗೆ ಮಂಟಪದ ಪರದೆ ಬರೆದವನು ನಾನು. ಒಂದು ದಿನವೂ ಬಾಗಿಲಿಗೆ ಮೆತ್ತಿಕೊಳ್ಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಇರಲಿ, ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಡ್ರಾಯಿಂಗ್ ಹೈಯರ್ ಪರೀಕ್ಷೆ ಫೆಬ್ರುವರಿಯಲ್ಲಿ ಶಿವಮೊಗ್ಗದಲ್ಲಿ ಇದೆ. ಅದಕ್ಕೆ ಮುಂಚೆ ಒಂದು ತಿಂಗಳು ನೀನು ತವರಿಗೆ ಬಂದು ನನ್ನ ಹತ್ತಿರ ಅಭ್ಯಾಸ ಮಾಡಬೇಕೆಂದು ಮದುವೆಯ ಮಾತುಕತೆಯ ದಿನವೇ ಎಲೆ ಅಡಿಕೆ ಇಟ್ಟುಕೊಂಡು ಆಡಿದ ಮಾತು. ನಿನ್ನ ಅತ್ತೆಯವರೂ ತಲೆಯಾಡಿಸಿದ್ದರು. ಈಗ ನೀನು ಬರೆಯುತ್ತೀಯ: "ಇವರೇ ಚೆನ್ನಾಗಿ ಹೇಳಿಕೊಡುತ್ತಾರೆ. ಎರಡು ಬಿಂದು ಇಟ್ಟು ಗೆರೆ ಎಳೆದರೆ ಎಂಥ ಪೆಟ್ಟಿಗೆಯಾದರೂ ಕಾಗದದ ಮೇಲೆ ಕೂರುತ್ತದೆ. ಅಲ್ಲಿಗೆ ಬರುವ ಅಗತ್ಯ ಬೀಳಲಿಕ್ಕಿಲ್ಲ." ಈ ಮೂರನೆಯ ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಗತ್ಯ ಎಂದರೇನು ತಾಯಿ? ಬೆಂಕಿಪೆಟ್ಟಿಗೆ ಅಗತ್ಯ, ಉಪ್ಪು ಅಗತ್ಯ. ಅಪ್ಪನ ಮನೆಗೆ ಬರುವುದೂ ಆ ಪಟ್ಟಿಗೆ ಸೇರಿತೇ?

ಅಳಿಯಂದಿರು ಓವರ್ಸಿಯರ್. ಅವರಿಗೆ ಗೆರೆ, ಕೋನ, ಅಳತೆ ಎಲ್ಲ ಬೇಕು. ಕಾಲುವೆಯ ಮೋರಿ ಸೊಟ್ಟವಾದರೆ ನೀರು ಗದ್ದೆಗೆ ಹೋಗುವ ಬದಲು ಹಳ್ಳಕ್ಕೆ ಹೋಗುತ್ತದೆ. ಆದರೆ ಚಿತ್ರ ಮೋರಿಯಲ್ಲ. ನಾನು ನಿನಗೆ ಕಣ್ಣಿನಿಂದ ನೋಡುವುದನ್ನು ಕಲಿಸಿದೆ. ಬದನೆಕಾಯಿ, ಮಾವಿನೆಲೆ, ತಾಮ್ರದ ಚೆಂಬು, ಅದರ ಹೊಟ್ಟೆಯ ಮೇಲಿನ ಕಿಟಕಿಯ ಬೆಳಕು. ನೀನು ಲೋಯರ್ ಪಾಸು ಮಾಡಿದ್ದು ಅದರಿಂದಲೇ, ಎರಡು ಬಿಂದುವಿನಿಂದಲ್ಲ. ಅಳಿಯಂದಿರು ಸೈಕಲ್ಲಿನಲ್ಲಿ ಗುಡವಿ ಕೆರೆಗೆ ಕರೆದುಕೊಂಡು ಹೋಗಿ ಹಕ್ಕಿ ತೋರಿಸಿದರು ಎಂದು ಬರೆದಿದ್ದೀಯಲ್ಲ, ಅವಕ್ಕೆ ಬಿಂದು ಎಲ್ಲಿ ಇಟ್ಟರಂತೆ? ಕೊಕ್ಕಿಗೊಂದು, ಬಾಲಕ್ಕೊಂದೇ?

ಇನ್ನೊಂದು ಸಂಗತಿ. ನೀನು ಬಿಟ್ಟುಹೋದ ಅಭ್ಯಾಸದ ಹಾಳೆಗಳನ್ನು ನೋಡಿದೆ. ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ "ಸರಿ" ಎಂದು ಬರೆದಿದೆ. ನೀನು ಸ್ಲೇಟು ಹಿಡಿದಂದಿನಿಂದ ನಿನ್ನ ಚಿತ್ರದ ಮೂಲೆ ನನ್ನದಾಗಿತ್ತು. ಅಲ್ಲಿ ಸರಿ ಎಂದರೂ ನಾನೇ, ತಪ್ಪು ಎಂದರೂ ನಾನೇ. ಅಳಿಯಂದಿರ "ಸರಿ" ನೋಡಿ ನನಗೆ ಹೊಟ್ಟೆ ಉರಿಯಿತು. ಬೇರೆ ಮಾತು ಹುಡುಕಿದೆ, ಸಿಗಲಿಲ್ಲ, ಹೊಟ್ಟೆಯೇ ಉರಿದದ್ದು.

ಆದರೂ ನಾನು ಮೇಷ್ಟರು, ಪರೀಕ್ಷೆ ಮಾಡದೆ ಯಾರನ್ನೂ ಫೇಲು ಮಾಡುವವನಲ್ಲ. ನಿನಗೆ ನಿಜವಾಗಿ ತಿಳಿದಿದೆಯೋ ಅಥವಾ ಗಂಡ ಹೇಳಿದ್ದಕ್ಕೆ ಗೋಣು ಹಾಕುತ್ತಿದ್ದೀಯೋ ನೋಡಬೇಕು. ಆದ್ದರಿಂದ ಈ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸು. ಆ ಎರಡು ಬಿಂದುಗಳನ್ನು ಎಲ್ಲಿ ಇಡಬೇಕು? ಎಷ್ಟು ದೂರ? ಮೊದಲು ಎಳೆಯುವ ಗೆರೆ ಯಾವುದು? ಪೆಟ್ಟಿಗೆಯ ಮುಚ್ಚಳ ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ? ವಿವರವಾಗಿ, ಏನೂ ಗೊತ್ತಿಲ್ಲದವನಿಗೆ ಹೇಳುವ ಹಾಗೆ ಬರೆ. ಪರೀಕ್ಷೆಯಲ್ಲಿ ಹಾಗೆ ಬರೆದರೇ ನಂಬರು ಸಿಗುವುದು.

ಅಳಿಯಂದಿರಿಗೆ ನನ್ನ ಶರಣು ತಿಳಿಸು. ಇಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ತಂದೆ,
ಗುರುಮಲ್ಲಪ್ಪ

ತಾ.ಕ.: ಉತ್ತರವನ್ನು ಬೇಗ ಕಳಿಸು. ಅವಸರವೇನಿಲ್ಲ.


ಶಿಕಾರಿಪುರ
22-12-1958

ಚಿ. ಸೌ. ಜಗದಾಂಬಳಿಗೆ ಆಶೀರ್ವಾದಗಳು. ಅಳಿಯಂದಿರಾದ ಸದಾಶಿವಪ್ಪನವರಿಗೂ ಆಶೀರ್ವಾದಗಳು, ಈ ಕಾಗದವನ್ನೂ ಅವರು ಓದುವುದಾದರೆ.

ಮತ್ತೆ ತಡವಾಯಿತು. ಈ ಸಲ ನೆಪ ಹೇಳುವುದಿಲ್ಲ. ನಾನು ಪ್ರಶ್ನೆ ಕೇಳಿದ್ದು ನಿನ್ನನ್ನು. ಉತ್ತರ ಬಂದದ್ದು ಅಚ್ಚು ಹಾಕಿದಂಥ ಅಕ್ಷರದಲ್ಲಿ, ಸ್ಕೇಲಿನಿಂದ ಎಳೆದ ಚಿತ್ರದ ಸಮೇತ. ಕೆಳಗೆ ನಿನ್ನ ಕೈಯ ಎರಡು ಸಾಲು: "ಅಪ್ಪಾಜಿ, ಮನೆಗೆ ನೆಂಟರು ಬಂದಿದ್ದರು, ಕೈ ಬಿಡುವಿಲ್ಲ. ನಿಮ್ಮ ಪ್ರಶ್ನೆಗಳಿಗೆ ಇವರೇ ಬರೆದಿದ್ದಾರೆ." ಅವರ ಕೊನೆಯ ಮಾತೇನು ಗೊತ್ತೇ? "ಮಾವನವರಿಗೆ ಇನ್ನೂ ಸಂದೇಹಗಳಿದ್ದರೆ ಸಂಕೋಚವಿಲ್ಲದೆ ಬರೆಯಬೇಕಾಗಿ ವಿನಂತಿ." ಸಂದೇಹ ನನಗಂತೆ. ಪರೀಕ್ಷೆ ಮಾಡುವವನಿಗೇ ಸಂದೇಹವೇ? ಅಂದರೆ ಅವರಿಗೆ ಗೊತ್ತಾಗಿದೆ. ನಿನಗೂ ಗೊತ್ತಾಗಿದೆ. ನನಗೆ ಬರುವುದಿಲ್ಲವೆಂದು ಇಡೀ ಸೊರಬಕ್ಕೆ ಗೊತ್ತಾಗಿದೆಯೋ ಏನೋ.

ಸರಿ, ಬರುತ್ತಿರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಕಾಲ ಮುಗಿಯಿತು. ನನಗೆ ಬರುತ್ತಿದ್ದದ್ದು ಪೆಟ್ಟಿಗೆಯನ್ನು ಎದುರಿನಿಂದ ನೋಡಿ ಬರೆಯುವುದು, ಉಳಿದದ್ದನ್ನು ಕಣ್ಣಂದಾಜಿನಲ್ಲಿ ವಾಲಿಸುವುದು. ನಾನು ಓದಿದ ಕಾಲಕ್ಕೆ ಅಷ್ಟೇ ಸಾಕಾಗಿತ್ತು. ಆದರೆ ನಾನು ಸುಮ್ಮನೆ ಕೂತಿಲ್ಲ. ಏನೇನು ಮಾಡಿದೆ ಎಂದು ಕೇಳು.

ನಿಮ್ಮ ಉತ್ತರ ಬರುವ ಮುಂಚೆಯೇ ಒಂದು ಭಾನುವಾರ ಸೀಮೆಎಣ್ಣೆ ಡಬ್ಬವನ್ನು ತೊಳೆದು ಸ್ಟೂಲಿನ ಮೇಲೆ ಇಟ್ಟೆ, ಅದರ ಮೂಲೆ ನನ್ನ ಮೂಗಿನ ಕಡೆ ಬರುವ ಹಾಗೆ. ಕಾಗದದ ಎಡ ಅಂಚಿನಲ್ಲಿ ಒಂದು ಬಿಂದು, ಬಲ ಅಂಚಿನಲ್ಲಿ ಒಂದು ಬಿಂದು ಇಟ್ಟೆ. ನಡುವೆ ಡಬ್ಬದ ಮೂಲೆಯ ನಿಲುಗೆರೆ ಎಳೆದು, ಅದರ ಮೇಲ್ತುದಿಯಿಂದಲೂ ಕೆಳತುದಿಯಿಂದಲೂ ಎರಡೂ ಬಿಂದುಗಳಿಗೆ ಗೆರೆ ಓಡಿಸಿದೆ. ದೀಪಾವಳಿಯ ದಿನ ಅಳಿಯಂದಿರು ಮಾಡಿದ್ದನ್ನು ಓರೆಗಣ್ಣಿನಿಂದ ನೋಡಿದ್ದೆ, ಹಾಗೇ ಮಾಡಿದೆ. ಬಂದದ್ದು ಡಬ್ಬವಲ್ಲ. ಅದರ ಮೂಲೆ ಕಾಗದ ಹರಿದು ಹೊರಗೆ ಬಂದು ತಿವಿಯುವ ಹಾಗಿತ್ತು. ನಿನ್ನ ತಾಯಿ ಹಿಂದೆ ಬಂದು ನಿಂತು ನೋಡಿ, "ಇದೇನ್ರಿ, ಡಬ್ಬನೋ ನೇಗಿಲ ಗುಳನೋ" ಎಂದಳು. ಇನ್ನೊಂದು ಬರೆದೆ, ಆತುರದಲ್ಲಿ ಒಂದು ಬಿಂದು ಮೇಲೆ, ಇನ್ನೊಂದು ಕೆಳಗೆ ಬಿತ್ತು. "ಇದು ಸ್ಟೂಲಿಂದ ಜಾರಿ ಬೀಳ್ತೈತೆ, ಹಿಡ್ಕಳ್ರಿ" ಎಂದಳು. ನಿನ್ನ ತಾಯಿ ಈಶ್ವರಮ್ಮ ನಾಲ್ಕನೆಯ ಕ್ಲಾಸು ಓದಿದವಳು, ಆದರೆ ನನ್ನನ್ನು ಹಾಸ್ಯ ಮಾಡುವುದರಲ್ಲಿ ಬಿ.ಎ. ಮಾಡಿದ್ದಾಳೆ.

ಶಾಲೆಯಲ್ಲಿ ಲೆಕ್ಕದ ಮೇಷ್ಟರು ಕಲ್ಲಪ್ಪನವರನ್ನು ಮೆಲ್ಲಗೆ ವಿಚಾರಿಸಿದೆ. ಅವರು ನಶ್ಯ ಏರಿಸಿಕೊಂಡು, "ನೋಡ್ರಿ ಗುರುಮಲ್ಲಪ್ಪನವರೇ, ಸಮಾಂತರ ರೇಖೆ ಎಂದೂ ಸೇರಂಗಿಲ್ಲ ಅಂತ ನಾನು ಬೆತ್ತ ಹಿಡ್ಕೊಂಡು ಹುಡುಗರಿಗೆ ಕಲಿಸ್ತೀನಿ. ಪಕ್ಕದ ಕ್ಲಾಸಿನಾಗೆ ನೀವು ಅವನ್ನ ಸೇರಿಸಿದ್ರೆ ನನ್ನ ಗತಿ ಏನು" ಎಂದರು. ಅಲ್ಲಿಗೆ ಅವರ ಸಹಾಯ ಮುಗಿಯಿತು.

ಆಮೇಲೆ ನಿಮ್ಮ ಕಾಗದ ಬಂತು. ಅಳಿಯಂದಿರು ಬರೆದಿದ್ದರು: ಎರಡು ಬಿಂದುಗಳೂ ನೋಡುವವನ ಕಣ್ಣಿನ ಮಟ್ಟದ ಒಂದೇ ಗೆರೆಯ ಮೇಲಿರಬೇಕು, ಕಾಗದದ ಒಳಗೆ ಇಟ್ಟರೆ ವಸ್ತು ಇರುಕಿ ಚೂಪಾಗುತ್ತದೆ, ಆದ್ದರಿಂದ ಕಾಗದದ ಹೊರಗೆ ದೂರ ಇಡಬೇಕು. ಓದಿ ಮಡಚಿ ಪಂಚಾಂಗದ ಕೆಳಗೆ ಇಟ್ಟುಬಿಟ್ಟೆ. ಅವರ ಮಾತಿನಂತೆ ಮಾಡಲು ಮನಸ್ಸು ಬರಲಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ಅಂದೇ ಮಾಡುತ್ತಿದ್ದೆ. ಕಾಗದದ ಹೊರಗೆ ಇಡು ಎನ್ನುವುದು ಎಷ್ಟು ಸುಲಭದ ಮಾತು, ಅದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಸಂಕಟವಾಯಿತು. ನಾನು ಎಷ್ಟೋ ವರ್ಷ ಕಾಗದದ ಅಂಚಿಗೆ ಲೋಕ ಮುಗಿಯಿತೆಂದು ಹುಡುಗರಿಗೆ ಕಲಿಸಿಕೊಂಡು ಬಂದಿದ್ದೇನೆ.

ಕೊನೆಗೆ ತಡೆಯಲಾಗಲಿಲ್ಲ. ಹೋದ ಭಾನುವಾರ ನಡುಮನೆಯ ಗೋಡೆಗೆ ಕಾಗದ ಅಂಟಿಸಿದೆ. ಅಡುಗೆಮನೆಯ ಬಾಗಿಲಿನ ಆಚೆ ಒಂದು ಮೊಳೆ, ದೇವರ ಗೂಡಿನ ಪಕ್ಕ ಒಂದು ಮೊಳೆ ಹೊಡೆದೆ. ನೆಲದಿಂದ ಕೋಲಿನಲ್ಲಿ ಅಳೆದು ಎರಡೂ ಸಮವಾಗಿವೆ ಎಂದು ನೋಡಿಕೊಂಡೆ. ಮೊಳೆಗಳಿಗೆ ದಾರ ಕಟ್ಟಿ, ಕಾಗದದ ಮೇಲೆ ಬಿಗಿಯಾಗಿ ಹಿಡಿದು, ದಾರದ ಗುಂಟ ಪೆನ್ಸಿಲು ಓಡಿಸಿದೆ. ನಿನ್ನ ತಾಯಿ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದವಳು ನೇರವಾಗಿ ದಾರಕ್ಕೆ ಕುತ್ತಿಗೆ ಕೊಟ್ಟಳು. ಅಕ್ಕಿಯೆಲ್ಲ ನೆಲಕ್ಕೆ. "ಮಗಳ ಮೇಲಿನ ಸಿಟ್ಟಿಗೆ ನನ್ನ ಗಂಟಲು ಕೊಯ್ತೀರೇನ್ರಿ" ಎಂದು ಕೂಗಾಡಿದಳು. ನಾನು ಅವಳ ಕಡೆ ತಿರುಗಲಿಲ್ಲ. ಕಾಗದದ ಮೇಲೆ ಡಬ್ಬ ಎದ್ದು ಕೂತಿತ್ತು. ಮುಚ್ಚಳ ಮುಚ್ಚಳದ ಹಾಗೆ, ಪಕ್ಕ ಪಕ್ಕದ ಹಾಗೆ. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು, ಹಾಗಿತ್ತು.

ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಅದರ ಬೆನ್ನಿಗೇ ನೆನಪಾಯಿತು, ಇದನ್ನು ನಿನಗೆ ತೋರಿಸಿದವನು ನಾನಲ್ಲ. ನಿನ್ನ ಕಣ್ಣೆದುರಿಗೆ ಮೊದಲ ಪೆಟ್ಟಿಗೆ ಹೀಗೆ ಎದ್ದು ಕೂತಾಗ ನೀನು ತಲೆಯೆತ್ತಿ ಅವರ ಮುಖ ನೋಡಿರುತ್ತೀಯ. ಚಿಕ್ಕವಳಿದ್ದಾಗ ಮೊದಲ ಸಲ ಬದನೆಕಾಯಿಗೆ ನೆರಳು ಬಂದಾಗ ನನ್ನ ಮುಖ ನೋಡಿದೆಯಲ್ಲ, ಹಾಗೆ. ಆ ನೋಟ ಬೇರೆಯವರ ಪಾಲಾಯಿತು. ಅಳಿಯಂದಿರು ಒಳ್ಳೆಯವರು, ದುರಭ್ಯಾಸವಿಲ್ಲ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವರು ಹೇಳಿದ್ದು ಸರಿಯಾಗಿಯೂ ಇದೆ. ತಪ್ಪಾಗಿದ್ದರೆ ನಾನು ಅವರನ್ನು ಸಲೀಸಾಗಿ ಕ್ಷಮಿಸುತ್ತಿದ್ದೆ.

ಈಗ ಕೇಳು. ಎರಡು ಬಿಂದು ನನಗೂ ಬರುತ್ತದೆ. ಡಬ್ಬ ಆಯಿತು, ಪುಸ್ತಕ ಆಯಿತು, ಇಟ್ಟಿಗೆ ಆಯಿತು, ಬೆಂಚಿನ ನಾಲ್ಕನೆಯ ಕಾಲು ಮಾತ್ರ ಇನ್ನೂ ತಕರಾರು ಮಾಡುತ್ತಿದೆ. ನೀನು ಬರುವ ಹೊತ್ತಿಗೆ ಅದೂ ಬಗ್ಗುತ್ತದೆ. ಜನವರಿಯಲ್ಲಿ ಬಾ. ಮುಂದಿನ ಕೋಣೆಯನ್ನು ಗುಡಿಸಿ ಸುಣ್ಣ ಬಳಿಸಿದ್ದೇನೆ, ಬೆಳಕು ಎಡಗಡೆಯಿಂದ ಬೀಳುವ ಹಾಗೆ ಮೇಜು ತಿರುಗಿಸಿ ಹಾಕಿದ್ದೇನೆ. ಅಗತ್ಯವಿಲ್ಲದಿದ್ದರೂ ಬಾ.

ಇಬ್ಬರಿಗೂ ದೇವರು ಆಯುರಾರೋಗ್ಯ ಕೊಡಲಿ.

ನಿನ್ನ ತಂದೆ,
ಗುರುಮಲ್ಲಪ್ಪ

ತಾ.ಕ.: ಉತ್ತರವನ್ನು ನಿನ್ನ ಕೈಯಲ್ಲೇ ಬರೆ. ನಿನ್ನ ಅಕ್ಷರವೂ ಈಚೆಗೆ ಓವರ್ಸಿಯರ್ ಅಕ್ಷರದ ಹಾಗೆ ನೆಟ್ಟಗಾಗುತ್ತಿದೆ, ನಿನ್ನ ತಾಯಿಗೆ ಗುರುತು ಸಿಗಲಿಲ್ಲ.


ಶಿಕಾರಿಪುರ
23-2-1959

ಚಿ. ಸೌ. ಜಗದಾಂಬಳಿಗೆ ಅಪ್ಪನ ಆಶೀರ್ವಾದಗಳು.

ನೀವು ಪರೀಕ್ಷೆ ಮುಗಿಸಿ ಕ್ಷೇಮವಾಗಿ ಸೊರಬ ಸೇರಿದ ಕಾಗದ ಬಂತು. ಸಾಗರದಲ್ಲಿ ಅಳಿಯಂದಿರ ಚಿಕ್ಕಮ್ಮನವರ ಮನೆಗೆ ಹೋಗಬೇಕಿದ್ದರಿಂದ ಶಿಕಾರಿಪುರ ಬಿಟ್ಟು ಆ ದಾರಿಯಲ್ಲೇ ಹೋದೆವು ಎಂದು ಬರೆದಿದ್ದೀಯ. ಗೊತ್ತಾಯಿತು. ನಿನ್ನ ತಾಯಿ ಎರಡು ದಿನ ಬಸ್ಸಿನ ಹೊತ್ತಿಗೆ ಹೋಳಿಗೆಯ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ ಬಂದಳು. ಹೋಳಿಗೆಯನ್ನು ಕೊನೆಗೆ ಲೋಕಮ್ಮ ತಿಂದಳು. ತಿಂದು, ಅಳಿಯಂದಿರು ಕ್ಷೇಮವೇ ಎಂದು ಕೇಳಿದಳು.

ಜನವರಿಯಲ್ಲಿ ನೀನು ಬರಲಿಲ್ಲ. ನಿನ್ನ ಅತ್ತೆಯವರಿಗೆ ಮಂಡಿನೋವು ಎಂದು ಬರೆದೆ, ನಾನು ಸುಳ್ಳೆನ್ನುವುದಿಲ್ಲ. ಆದರೆ ಸುಣ್ಣ ಬಳಿದ ಕೋಣೆಯಲ್ಲಿ ಒಬ್ಬನೇ ಕೂತು ಬೆಂಚು ಬರೆಯುವಾಗ, ಅಳಿಯಂದಿರಿಗೆ ಮನಸ್ಸಿದ್ದರೆ ಆ ಮಂಡಿನೋವಿಗೆ ಇನ್ನೊಂದು ದಾರಿ ಸಿಗುತ್ತಿತ್ತು ಎನಿಸುತ್ತಿತ್ತು. ನನ್ನ ಮನಸ್ಸು ಈಚೆಗೆ ಅಂಥದ್ದನ್ನೇ ಹುಡುಕುತ್ತದೆ.

ನೀವು ಶಿವಮೊಗ್ಗಕ್ಕೆ ಹೋಗುವ ದಿನ ಬಸ್ಸು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆಂದು ಬರೆದಿದ್ದೆಯಲ್ಲ, ಅವತ್ತು ನಾನು ಕರಿ ಕೋಟು ಹಾಕಿಕೊಂಡು ಬೇಗನೇ ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಅಳಿಯಂದಿರ ಜೊತೆ ಬಿಗಿಯಾಗಿರಬೇಕೆಂದು ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ಬಂದೆ. ಅವರು ಬಸ್ಸಿನಿಂದ ಇಳಿದವರೇ ಆ ಧೂಳಿನಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದರು. "ಮಾವನವರೇ, ನನ್ನ ಸೀಟಿನಾಗೆ ಕೂತ್ಕಳ್ರಿ, ಮಗಳ ಹತ್ರ ಮಾತಾಡ್ರಿ. ನಾನು ಚಾ ತರ್ತೀನಿ" ಎಂದರು. ಬಿಗಿಯಾಗಿರಲು ಬಂದವನಿಗೆ ಹೀಗೆ ಮಾಡಿದರೆ ಅವನು ಏನು ಮಾಡಬೇಕು? ಹೋಗಿ ಅವರ ಸೀಟಿನಲ್ಲೇ ಕೂತೆ.

ನೀನು ತೊಡೆಯ ಮೇಲೆ ಹಾಳೆಗಳ ಕಟ್ಟು ಇಟ್ಟುಕೊಂಡಿದ್ದೆ. ನೋಡಲು ಕೊಟ್ಟೆ. ತೆರೆದ ಪೆಟ್ಟಿಗೆ, ಅದರ ಪಕ್ಕ ಓರೆಯಾಗಿ ಇಟ್ಟ ಪುಸ್ತಕ, ಹಿಂದೆ ಕುರ್ಚಿ. ಒಂದೊಂದು ವಸ್ತುವೂ ಒಂದೊಂದು ಕಡೆ ತಿರುಗಿದೆ, ಆದರೂ ಎಲ್ಲವೂ ಒಂದೇ ನೆಲದ ಮೇಲೆ ಕೂತಿವೆ. ನಾನು ತಪ್ಪು ಹುಡುಕಿದೆ. ತಂದೆಯ ಕಣ್ಣಿನಿಂದ ಅಲ್ಲ, ಹೊಟ್ಟೆಕಿಚ್ಚಿನ ಕಣ್ಣಿನಿಂದ ಹುಡುಕಿದೆ. ಒಂದು ಕುರ್ಚಿಯ ಕಾಲಾದರೂ ಸೊಟ್ಟಗಿದ್ದರೆ, "ನೋಡು, ಅದಕ್ಕೇ ನನ್ನ ಹತ್ತಿರ ಬಾ ಎಂದದ್ದು" ಎನ್ನಬಹುದಾಗಿತ್ತು. ಸಿಗಲಿಲ್ಲ. ಮಗಳ ಚಿತ್ರದಲ್ಲಿ ತಪ್ಪು ಸಿಗಲಿಲ್ಲವೆಂದು ದುಃಖಪಟ್ಟ ಮೇಷ್ಟರು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬಾಯಲ್ಲಿ "ಪರವಾಗಿಲ್ಲ" ಎಂದೆ. ಚೆನ್ನಾಗಿದೆ ಎನ್ನಬೇಕಿತ್ತು. ಈಗ ಎನ್ನುತ್ತೇನೆ, ಬಹಳ ಚೆನ್ನಾಗಿತ್ತು.

ನನ್ನ ಕೋಟಿನ ಒಳಜೇಬಿನಲ್ಲಿ ನನ್ನ ಡಬ್ಬದ ಚಿತ್ರವಿತ್ತು. ನಿನಗೆ ತೋರಿಸಲೆಂದೇ ತಂದಿದ್ದೆ, ನಿನ್ನ ತಾಯಿಗೂ ಹೇಳಿರಲಿಲ್ಲ. ಕೈ ಜೇಬಿನವರೆಗೆ ಹೋಯಿತು. ಅಷ್ಟರಲ್ಲಿ ನೀನು, "ಅಪ್ಪಾಜಿ, ಪರೀಕ್ಷೆ ಮುಗೀಲಿ. ಆಮೇಲೆ ಬಂದಾಗ ನಿಮಗೂ ಇದನ್ನ ಹೇಳಿಕೊಡ್ತೀನಿ, ಏನೂ ಕಷ್ಟ ಇಲ್ಲ" ಎಂದೆ. ಎಷ್ಟು ಮೆತ್ತಗೆ ಹೇಳಿದೆ ಎಂದರೆ, ಮಗುವಿಗೆ ಅನ್ನ ಕಲಸಿ ಕೊಡುವ ಹಾಗೆ. ನನಗೆ ಬರುತ್ತದೆ, ಡಿಸೆಂಬರಿನಲ್ಲೇ ಬರೆದಿದ್ದೆನಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆ ಕಾಗದದ ಮಾತನ್ನು ನೀನು ನಂಬಿರಲಿಲ್ಲ ಎಂದು ಆಗ ತಿಳಿಯಿತು. ಅಪ್ಪ ಜಂಬಕ್ಕೆ ಬರೆದುಕೊಂಡಿದ್ದಾನೆ ಎಂದುಕೊಂಡಿರಬೇಕು. ಕಂಡಕ್ಟರ್ ಸೀಟಿ ಊದಿದ, ಅಳಿಯಂದಿರು ಚಾ ತಂದರು, ನಾನು ಅರ್ಧ ಕುಡಿದು ಇಳಿದೆ. ಚಿತ್ರ ಜೇಬಿನಲ್ಲೇ ಮನೆಗೆ ಬಂತು.

ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಡಚಿದ ಗುರುತು ಬಿದ್ದಿದೆ, ಅದನ್ನು ಗೆರೆ ಎಂದುಕೊಳ್ಳಬೇಡ. ಇದನ್ನು ನೀನೇ ನೋಡು. ಅಳಿಯಂದಿರ ಕೈಗೆ ಕೊಡಬೇಡ. ಅವರು ನೋಡಿದರೆ ಒಳ್ಳೆಯ ಮಾತನ್ನೇ ಆಡುತ್ತಾರೆ, ಅದು ನನಗೆ ಬೇಡ. ತಪ್ಪಿದ್ದ ಕಡೆ ಕೆಂಪು ಪೆನ್ಸಿಲಿನಿಂದ ಗೆರೆ ಹಾಕು, ನಾನು ನಿನಗೆ ಹಾಕುತ್ತಿದ್ದ ಹಾಗೆ, ಕಾಗದ ಹರಿಯುವಷ್ಟು ಒತ್ತಿ. ಸರಿಯಿದ್ದರೆ ಮೂಲೆಯಲ್ಲಿ ಬರೆ. ಕನಿಕರಕ್ಕೆ ಬರೆಯಬೇಡ.

ನೀನು ಪಾಸಾಗುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ನಿನಗೆ ಕೆಲಸ ಸಿಗಲಿ, ನಿನ್ನ ಕೈಯಲ್ಲಿ ನಾಲ್ಕು ಮಕ್ಕಳು ನೋಡುವುದನ್ನು ಕಲಿಯಲಿ. ಅಂಬ್ಲಿಗೊಳದ ಕಡೆ ಅಳತೆಗೆ ಹೋಗುವಾಗ ಅಳಿಯಂದಿರು ಬಿಸಿಲಿಗೆ ತಲೆಗೆ ಏನಾದರೂ ಸುತ್ತಿಕೊಳ್ಳಲಿ, ಅವರಿಗೆ ತಲೆನೋವು ಬರುತ್ತದೆ ಎಂದಿದ್ದೆಯಲ್ಲ. ನಿನ್ನ ಅತ್ತೆಯವರ ಮಂಡಿಗೆ ನಿನ್ನ ತಾಯಿ ಎಣ್ಣೆ ಕಾಸಿ ಇಟ್ಟಿದ್ದಾಳೆ, ಆ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇವೆ. ಗಂಡ ಹೆಂಡತಿ ಒಂದೇ ಮನಸ್ಸಿನಿಂದ ನೂರು ಕಾಲ ಬಾಳಿ.

ನಿನ್ನ ತಂದೆ,
ಗುರುಮಲ್ಲಪ್ಪ

ತಾ.ಕ.: ಒಂದು ಮಾತು ಬರೆಯಲು ಮರೆತೆ ಎಂದು ಇಲ್ಲಿ ಸೇರಿಸುವುದು ವಾಡಿಕೆ. ನಾನು ಮರೆತಿರಲಿಲ್ಲ. ಮೂರು ಕಾಗದದಲ್ಲೂ ಬರೆಯಲು ಹೋಗಿ ಬೇರೆ ಏನೇನೋ ಬರೆದೆ.

ದೀಪಾವಳಿಯ ದಿನ ಊಟವಾದ ಮೇಲೆ ನಾನು ಮಲಗಿದ್ದೇನೆಂದು ನೀವು ತಿಳಿದಿದ್ದಿರಿ. ನಾನು ಕನ್ನಡಕ ಹುಡುಕಿಕೊಂಡು ನಡುಮನೆಯ ಬಾಗಿಲಿನವರೆಗೆ ಬಂದಿದ್ದೆ. ಅಳಿಯಂದಿರು ನಿನ್ನನ್ನು ಕೇಳಿದರು, "ನಿಮ್ಮಪ್ಪ ಡ್ರಾಯಿಂಗ್ ಮೇಷ್ಟ್ರಲ್ವಾ, ಇಷ್ಟು ದಿನ ಇದನ್ನ ಹೇಳಿಕೊಡಲೇ ಇಲ್ವಾ?" ಅದರಲ್ಲಿ ತಪ್ಪಿಲ್ಲ, ಯಾರಾದರೂ ಕೇಳುವ ಮಾತೇ. ನೀನು ಪೆನ್ಸಿಲು ಕೆಳಗಿಡದೆ, "ಅವರಿಗೆ ಇದೆಲ್ಲ ಗೊತ್ತಿಲ್ಲ ಬಿಡ್ರಿ, ಪಾಪ" ಎಂದೆ. ನಿನ್ನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಒಳಗೆ ಬಂದು ಜಗಳವಾಡಿ ಅಲ್ಲಿಗೇ ಮುಗಿಸುತ್ತಿದ್ದೆ. ಕುಹಕವಿರಲಿಲ್ಲ, ಅಷ್ಟೇ. ಕನ್ನಡಕ ಹುಡುಕದೆ ಹಿಂದಕ್ಕೆ ಹೋಗಿ ಮಲಗಿದೆ.

ಇನ್ನು ಯಾರಾದರೂ ನಿನ್ನನ್ನು ಹಾಗೆ ಕೇಳಿದರೆ, ಅಪ್ಪನಿಗೆ ಗೊತ್ತಿರಲಿಲ್ಲ ಎನ್ನು, ಅದು ನಿಜ. ಆಮೇಲೆ ಕಲಿತ ಎಂದು ಬೇಕಾದರೆ ಸೇರಿಸು. ಹಟಮಾರಿ ಎನ್ನು, ಅಳಿಯನನ್ನು ಕಂಡರಾಗದ ಮುದುಕ ಎನ್ನು, ಎಲ್ಲವನ್ನೂ ಒಪ್ಪುತ್ತೇನೆ. ಪಾಪ ಎನ್ನಬೇಡ ಮಗಳೇ.